ಮಿಸ್ಸಿಂಗ್ ಹೊಡೆಯುವ ಜಿಪ್ಸಿಗೆ ಬೋರ್ ಕೆಲಸವೋ, ಸೆಕೆಂಡ್ಸ್ ಎಂಜಿನ್ನೋ: ಎರಡನ್ನೂ ಓಡಿಸಿ ನೋಡಿದ ಲೆಕ್ಕ

ಎಂಜಿನ್ನಿನ ಯಾವುದೋ ಸಿಲಿಂಡರ್ ಸರಿಯಾಗಿ ಉರಿಯದೆ ಗಾಡಿ ನಡುಗುವುದೇ ಮಿಸ್ಸಿಂಗ್. ಎಂಜಿನ್ ಸವೆದು ಹೀಗಾದರೆ ಎರಡು ದಾರಿ: ಸಿಲಿಂಡರಿನ ಒಳಗೋಡೆ, ಅಂದರೆ ಬೋರ್ ಕೊರೆಸಿ ದೊಡ್ಡ ಪಿಸ್ಟನ್ ಹಾಕಿಸುವ ಬೋರ್ ಕೆಲಸ, ಇಲ್ಲವೇ ಬೇರೆ ಗಾಡಿಯಲ್ಲಿ ಓಡಿದ ಸೆಕೆಂಡ್ಸ್ ಎಂಜಿನ್. ಒಂದೇ ಗಾಡಿಯಲ್ಲಿ ಈ ಎರಡೂ ದಾರಿ ಹಿಡಿದು ನೋಡುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ. ಸಕಲೇಶಪುರ ತಾಲ್ಲೂಕಿನಲ್ಲಿ ಕಾಫಿ ತೋಟ ಮಾಡುವ ನಮ್ಮ ಭಾವನ ಹಳೇ ಜಿಪ್ಸಿ ಕಿಂಗ್‌ಗೆ ಮೊದಲು ಸೆಕೆಂಡ್ಸ್ ಎಂಜಿನ್ ಕೂರಿಸಿ ಒಂದು ಕೊಯ್ಲು ಮುಗಿಸಿದೆವು. ಅಷ್ಟರಲ್ಲಿ, ಇಳಿಸಿಟ್ಟಿದ್ದ ಅದರದೇ ಎಂಜಿನ್ನಿಗೆ ಹಾಸನದಲ್ಲಿ ಬೋರ್ ಕೆಲಸ ಮಾಡಿಸಿ ಮಳೆಗಾಲದಲ್ಲಿ ವಾಪಸ್ ಕೂರಿಸಿದೆವು. ಅದೇ ಗೇರ್‌ಬಾಕ್ಸ್, ಅದೇ ಕಾರ್ಬ್ಯುರೇಟರ್, ಅದೇ ತೋಟದ ಏರು. ನನ್ನ ತೀರ್ಪು ಮೊದಲೇ ಹೇಳುತ್ತೇನೆ: ಎಂಜಿನ್ನಿನ ಒಡಲಾದ ಬ್ಲಾಕ್, ಪಿಸ್ಟನ್‌ಗಳು ತಿರುಗಿಸುವ ದಂಡವಾದ ಕ್ರ್ಯಾಂಕ್ ಎರಡೂ ಗಟ್ಟಿ ಇದ್ದರೆ ಕೈಯಲ್ಲಿರುವ ಎಂಜಿನ್ನನ್ನೇ ಮಾಡಿಸಿ.

ಆದರೆ ಆ ಪ್ರಶ್ನೆಗೆ ಬರುವ ಮೊದಲು ಕಾಯಿಲೆ ಎಲ್ಲಿದೆ ಅಂತ ಗೊತ್ತಾಗಬೇಕು. ಮಿಸ್ಸಿಂಗ್ ಅಂದ ಕೂಡಲೇ ಎಂಜಿನ್ ಇಳಿಸುವ ಮಾತಾಡುವ ಗ್ಯಾರೇಜಿನಲ್ಲಿ ಗಾಡಿ ಬಿಡಲೇಬೇಡಿ. ಚಿಕ್ಕಮಗಳೂರಿನಲ್ಲಿರುವ ನನ್ನ ತಂಗಿಯ ವ್ಯಾಗನ್ ಆರ್ ಹೀಗೇ ನಡುಗುತ್ತಿದ್ದಾಗ ಒಬ್ಬರು ಎಂಜಿನ್ನೇ ಹೋಗಿದೆ ಅಂದುಬಿಟ್ಟಿದ್ದರು. ಸ್ಕ್ಯಾನರ್ ಹಾಕಿದರೆ ಪಿ0302, ಅಂದರೆ ಎರಡನೇ ಸಿಲಿಂಡರ್‌ನಲ್ಲಿ ಮಿಸ್ಸಿಂಗ್. ಅದರ ಮೂರು ಸಿಲಿಂಡರಿಗೂ ಸ್ಪಾರ್ಕ್‌ಗೆ ಕರೆಂಟ್ ಕೊಡುವ ಕಾಯಿಲ್ ಬೇರೆ ಬೇರೆ ಇವೆ. ಒಂದನೇದರ ಕಾಯಿಲ್ ಎರಡಕ್ಕೆ, ಎರಡನೇದರದು ಒಂದಕ್ಕೆ ಹಾಕಿ ಓಡಿಸಿದ ಮೇಲೆ ಕೋಡ್ ಪಿ0301 ಆಯಿತು. ಕಾಯಿಲ್ ಜೊತೆ ಕಾಯಿಲೆಯೂ ಜಾಗ ಬದಲಿಸಿತ್ತು. ಒಂದು ಕಾಯಿಲ್ ಹೊಸದು ಹಾಕಿದ್ದಕ್ಕೆ ಮುಗಿಯಿತು. ಇಂಥ ಗಾಡಿಗಳಲ್ಲಿ ಚೆಕ್ ಎಂಜಿನ್ ದೀಪ ಮಿಣುಕುತ್ತಿದ್ದರೆ ಮಾತ್ರ ಓಡಿಸುತ್ತಾ ಹೋಗಬೇಡಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ಸಾಲಿನ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನು ಸುಡುತ್ತದೆ.

ಜಿಪ್ಸಿಯ ಕಥೆ ಬೇರೆ. 1298 ಸಿಸಿ, ನಾಲ್ಕು ಸಿಲಿಂಡರ್, ಸರದಿಯಲ್ಲಿ ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರ್ ಇರುವ ಕಾರ್ಬ್ಯುರೇಟರ್ ಎಂಜಿನ್. ಸ್ಕ್ಯಾನರ್ ಹಾಕಲು ಜಾಗವೇ ಇಲ್ಲ, ಕಿವಿ ಕೈಗಳೇ ಗತಿ. ಐಡ್ಲಿಂಗ್‌ನಲ್ಲಿ ಪ್ಲಗ್ ವೈರ್‌ಗಳನ್ನು ಒಂದೊಂದಾಗಿ ಎಳೆದಾಗ ಒಂದು, ಎರಡು, ನಾಲ್ಕರಲ್ಲಿ ಎಂಜಿನ್ ಕುಗ್ಗಿತು. ಮೂರನೇದನ್ನು ಎಳೆದರೂ ಸದ್ದು ಬದಲಾಗಲಿಲ್ಲ. ಮೂರನೇದು ಮೊದಲೇ ಕೆಲಸ ಬಿಟ್ಟಿತ್ತು. ಪ್ಲಗ್ ಬಿಚ್ಚಿದರೆ ಆಯಿಲ್‌ನಲ್ಲಿ ಅದ್ದಿ ತೆಗೆದ ಹಾಗಿತ್ತು. ಒಣ ಮಸಿ ಇದ್ದಿದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ ಅನ್ನಬಹುದಿತ್ತು. ಪ್ಲಗ್, ವೈರ್ ಎರಡನ್ನೂ ಬೇರೆ ಸಿಲಿಂಡರಿಗೆ ಬದಲಿಸಿ ನೋಡಿದರೂ ಮಿಸ್ಸಿಂಗ್ ಮೂರರಲ್ಲೇ ನಿಂತಿತು.

ಆಮೇಲೆ ಕಂಪ್ರೆಷನ್ ಗೇಜ್, ಪಿಸ್ಟನ್ ಒತ್ತಿದಾಗ ಸಿಲಿಂಡರಿನಲ್ಲಿ ಎಷ್ಟು ಒತ್ತಡ ನಿಲ್ಲುತ್ತದೆ ಅಂತ ಅಳೆಯಲು. ನಾಲ್ಕೂ ಪ್ಲಗ್ ಬಿಚ್ಚಿ, ಕಾಯಿಲ್ ವೈರ್ ತೆಗೆದು, ಆಕ್ಸಿಲರೇಟರ್ ಪೂರ್ತಿ ತುಳಿದು, ಫುಲ್ ಚಾರ್ಜ್ ಇರುವ ಬ್ಯಾಟರಿಯಲ್ಲಿ ಸೆಲ್ಫ್ ಹೊಡೆಯಬೇಕು. ಆಕ್ಸಿಲರೇಟರ್ ಬಿಟ್ಟು ಅಳೆದರೆ ಒಳ್ಳೇ ಎಂಜಿನ್ನೂ ಸತ್ತಂತೆ ಕಾಣುತ್ತದೆ. ನಮಗೆ ಸಿಕ್ಕಿದ್ದು 165, 160, 95, 120 ಪಿಎಸ್‌ಐ. ಮೂರಕ್ಕೂ ನಾಲ್ಕಕ್ಕೂ ಪ್ಲಗ್ ತೂತಿನಲ್ಲಿ ಒಂದೊಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದರೆ 130, 150ಕ್ಕೆ ಏರಿತು. ಆಯಿಲ್ ಹೋಗಿ ಪಿಸ್ಟನ್ ಸುತ್ತಲಿನ ರಿಂಗ್ ಸಂದಿ ಮುಚ್ಚಿದಾಗ ಕಂಪ್ರೆಷನ್ ಏರಿದರೆ ಕಾಯಿಲೆ ಕೆಳಗಿದೆ, ರಿಂಗ್ ಮತ್ತು ಬೋರ್‌ನಲ್ಲಿ. ಏರದೇ ನಿಂತರೆ ಮೇಲಿದೆ, ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್‌ನಲ್ಲಿ. ಆಗ ಹೆಡ್ ಬಿಚ್ಚಿ ವಾಲ್ವ್ ಗ್ರೈಂಡಿಂಗ್, ಹೆಡ್‌ನ ಮೈ ಸಮ ಮಾಡುವ ಫೇಸಿಂಗ್ ಮಾಡಿಸಿದರೆ ಸಾಕು, ಎಂಜಿನ್ ಬದಲಿಸುವ ಮಾತೇ ಎತ್ತಬೇಕಿಲ್ಲ. ಪ್ಲಗ್ ಹಾಕಿ ಎಂಜಿನ್ ಓಡಿಸಿ, ಮೇಸ್ತ್ರಿ ಆಯಿಲ್ ಹಾಕುವ ಮುಚ್ಚಳ ತೆಗೆದು ಅಂಗೈ ಹಿಡಿದರು, ರಿಂಗ್ ದಾಟಿ ಬಂದ ಹೊಗೆ ಬುಸ್ ಬುಸ್ ಅಂತ ಕೈಗೆ ಹೊಡೆಯುತ್ತಿತ್ತು. “ಸಾರ್, ಸ್ಪಾರ್ಕ್ ಐತೆ, ಪೆಟ್ರೋಲ್ ಐತೆ. ಮೂರನೇದ್ರಲ್ಲಿ ದಮ್ಮೇ ಇಲ್ಲ,” ಅಂದರು.

ಬೋರ್ ಮಾಡಿಸೋಣ ಭಾವ ಅಂದೆ. ಅರೇಬಿಕಾ ಕೊಯ್ಲು ಶುರುವಾಗಿತ್ತು. “ಹಣ್ಣು ಗಿಡದಲ್ಲಿ ಉದುರ್ತಾ ಐತೆ ಕಣೋ, ಗಾಡಿ ಗ್ಯಾರೇಜಲ್ಲಿ ಕೂತ್ರೆ ಆಳುಗಳನ್ನ ಯಾರು ಕರ್ಕೊಂಬರ್ತಾರೆ?” ಅಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಬೋರ್ ಕೆಲಸ ಅಂದರೆ ಲೇಥ್ ಅಂಗಡಿಯಲ್ಲಿ ಸರದಿ, ಬೆಂಗಳೂರಿನಿಂದ ಪಿಸ್ಟನ್ ಬರುವವರೆಗೆ ಕಾಯುವುದು, ಆಮೇಲೆ ರನ್ನಿಂಗ್ ಇನ್, ಅಂದರೆ ಲೋಡ್ ಹಾಕದೆ ಓಡಿಸಿ ಪಳಗಿಸುವುದು. ಸೆಕೆಂಡ್ಸ್ ಎಂಜಿನ್ನಿನ ದೊಡ್ಡ ಗುಣ ಒಂದೇ, ಬೇಗ ಆಗುತ್ತದೆ.

ಮಾರುವವರು ಮೊದಲು ತೋರಿಸಿದ್ದು ಎಸ್ಟೀಮ್ ಎಂಜಿನ್, ಹಾಗೇ ಕೂರುತ್ತೆ ಅಂದರು. ಎಸ್ಟೀಮ್‌ನಲ್ಲಿ ಎಂಜಿನ್ ಅಡ್ಡಕ್ಕೆ ಕೂರುತ್ತದೆ, ಜಿಪ್ಸಿಯಲ್ಲಿ ಉದ್ದಕ್ಕೆ. ಕೆಳಗಿನ ಆಯಿಲ್ ತೊಟ್ಟಿಯಾದ ಸಂಪ್, ಗಾಳಿ ಹೊಗೆಯ ಕೊಳವೆಗಳಾದ ಮ್ಯಾನಿಫೋಲ್ಡ್ ಎಲ್ಲ ಬದಲಿಸಿಕೊಳ್ಳುವ ತಾಪತ್ರಯ ಬೇಡ ಅಂತ ಜಿಪ್ಸಿಯದೇ ಹುಡುಕಿ ತಂದೆವು. ನೆಲದ ಮೇಲೆ ಇಟ್ಟೇ ಬ್ಯಾಟರಿ ಕೊಟ್ಟು ಕಂಪ್ರೆಷನ್ ಅಳೆಸಿದೆವು. ನಾಲ್ಕೂ 150ರ ಆಸುಪಾಸು. ಹೊಸದಲ್ಲ, ಆದರೆ ಸಮ. ಕೂರಿಸಿದ ದಿನದಿಂದ ಮಿಸ್ಸಿಂಗ್ ಇಲ್ಲ. ಆಳುಗಳನ್ನು ಕರೆತಂದಿತು, ಹಣ್ಣಿನ ಚೀಲ ಪಲ್ಪರ್ ಮನೆಗೆ ಹೊತ್ತಿತು, ಹಾಸನದ ಕ್ಯೂರಿಂಗ್ ವರ್ಕ್ಸ್‌ವರೆಗೂ ಹೋಗಿ ಬಂತು. ಕೊಯ್ಲು ಉಳಿಸಿದ್ದು ಅದೇ ಎಂಜಿನ್, ಅದರ ಋಣ ನಾನು ಮರೆಯುವುದಿಲ್ಲ.

ಆದರೆ ಕ್ರ್ಯಾಂಕ್‌ನ ಹಿಂದಿನ ಆಯಿಲ್ ಸೀಲ್ ಸೋರಿ ಕ್ಲಚ್ ಪ್ಲೇಟ್ ನೆನೆಯಿತು, ಏರಿನಲ್ಲಿ ಕ್ಲಚ್ ಜಾರತೊಡಗಿತು. ಕೈಗೆ ಸಿಗುವ ಅಗ್ಗದ ಸೀಲ್, ಅದಕ್ಕಾಗಿ ಗೇರ್‌ಬಾಕ್ಸ್ ಪೂರಾ ಇಳಿಸಬೇಕಾಯಿತು. ಸೆಕೆಂಡ್ಸ್ ಎಂಜಿನ್ ತಂದರೆ ಕೂರಿಸುವ ಮೊದಲೇ ಮುಂದಿನ ಹಿಂದಿನ ಸೀಲ್, ಟೈಮಿಂಗ್ ಬೆಲ್ಟ್, ವಾಟರ್ ಪಂಪ್ ಹೊಸದು ಹಾಕಿಸಿ. ಈ ಖರ್ಚು ಸೇರಿಸಿದ ಮೇಲೆ ಬೋರ್ ಕೆಲಸಕ್ಕೂ ಇದಕ್ಕೂ ಇದ್ದ ದುಡ್ಡಿನ ಅಂತರ ಹೆಚ್ಚುಕಡಿಮೆ ಕರಗಿತ್ತು.

ಜೂನ್‌ನ ಮೊದಲ ಮಳೆಗೆ ಮಿಸ್ಸಿಂಗ್ ಮತ್ತೆ ಬಂತು. ಈ ಸಲ ಒಂದೇ ಸಿಲಿಂಡರ್ ಅಲ್ಲ, ಒಮ್ಮೆ ಇದು ಒಮ್ಮೆ ಅದು. ರಾತ್ರಿ ಲೈಟ್ ಆರಿಸಿ, ಎಂಜಿನ್ ಓಡುತ್ತಿರುವಾಗ ಬಾನೆಟ್ ಎತ್ತಿ, ಡಿಸ್ಟ್ರಿಬ್ಯೂಟರ್ ಮೇಲೆ ತುಂತುರು ನೀರು ಬಿಟ್ಟೆವು. ಕ್ಯಾಪ್ ಮೇಲೆ ನೀಲಿ ಗೆರೆಯೊಂದು ಹರಿದಾಡಿತು, ಕೂದಲೆಳೆಯಷ್ಟು ಬಿರುಕು. ಈ ಡಿಸ್ಟ್ರಿಬ್ಯೂಟರ್ ಹಳೇ ಎಂಜಿನ್ನಿನಿಂದ ಬಿಚ್ಚಿ ಹಾಕಿದ್ದು, ನವೆಂಬರಿನ ಒಣ ಹವೆಯಲ್ಲಿ ತನ್ನ ಗುಟ್ಟು ಬಿಟ್ಟುಕೊಟ್ಟಿರಲಿಲ್ಲ. ಎಂಜಿನ್ ಬದಲಿಸಿದರೂ ಡಿಸ್ಟ್ರಿಬ್ಯೂಟರ್, ವೈರ್, ಕಾರ್ಬ್ಯುರೇಟರ್‌ನ ಕಾಯಿಲೆ ಹಾಗೇ ದಾಟಿ ಬರುತ್ತದೆ. ಮಲೆನಾಡಿನಲ್ಲಿ ಸ್ಪಾರ್ಕ್ ಪರೀಕ್ಷೆಯನ್ನು ಒದ್ದೆಯಲ್ಲೇ ಮಾಡಬೇಕು.

ಅಷ್ಟರಲ್ಲಿ ಹಳೇ ಎಂಜಿನ್ನಿನ ಕೆಲಸ ಮುಗಿದಿತ್ತು. ಬಿಚ್ಚಿದ ದಿನ ಲೇಥ್ ಅಂಗಡಿಯವರು ನನ್ನ ಉಗುರನ್ನು ಮೂರನೇ ಬೋರ್‌ನ ಒಳಗೆ ಕೆಳಗಿನಿಂದ ಮೇಲಕ್ಕೆ ಎಳೆಸಿದ್ದರು. ತುದಿಯಲ್ಲಿ ಟಕ್ ಅಂತ ತಡೆಯಿತು. ರಿಂಗ್ ಮುಟ್ಟದ ಅಂಚು ಹಾಗೇ ಉಳಿದು ಕೆಳಗೆಲ್ಲ ಸವೆದಿತ್ತು. ಎರಡನೇ ಕಂಪ್ರೆಷನ್ ರಿಂಗ್ ಎರಡು ತುಂಡು. ಬರೀ ರಿಂಗ್ ಬದಲಿಸಿದರೆ ಸಾಲದೇ ಅಂತ ಕೇಳುವವರಿಗೆ ಆ ಅಂಚೇ ಉತ್ತರ. ಸವೆದ ಬೋರ್‌ನಲ್ಲಿ ಹೊಸ ರಿಂಗ್ ಸರಿಯಾಗಿ ಕೂರುವುದಿಲ್ಲ. ಕ್ರ್ಯಾಂಕ್‌ಗೆ ಪಾಲಿಶ್ ಸಾಕಾಯಿತು. 74 ಮಿ.ಮೀ. ಬೋರ್ 74.5 ಆಯಿತು, ಓವರ್‌ಸೈಜ್ ಪಿಸ್ಟನ್, ಹೊಸ ಬೇರಿಂಗ್, ಹೆಡ್‌ಗೆ ವಾಲ್ವ್ ಗ್ರೈಂಡಿಂಗ್.

ಮೊದಲ ಸಾವಿರ ಕಿಲೋಮೀಟರ್ ಲೋಡ್ ಹಾಕಲಿಲ್ಲ, ಆಯಿಲ್ ಬೇಗ ಬದಲಿಸಿದೆವು. ಈಗ ನಾಲ್ಕೂ ಸಿಲಿಂಡರ್ 170 ದಾಟಿವೆ. ತೋಟದ ಗೇಟಿನಿಂದ ಟಾರ್ ರಸ್ತೆಗೆ ಹತ್ತುವ ಏರನ್ನು ಸೆಕೆಂಡ್ಸ್ ಎಂಜಿನ್ ಎರಡನೇ ಗೇರಿನಲ್ಲಿ ಹತ್ತುತ್ತಿತ್ತು, ಇದು ಮೂರರಲ್ಲೇ ಹೋಗುತ್ತದೆ. ಅದಕ್ಕೆ ಆಗಾಗ ಆಯಿಲ್ ಟಾಪ್ ಅಪ್ ಬೇಕಿತ್ತು, ಇದು ಕೇಳುವುದಿಲ್ಲ.

ಕಾಗದದ ಕೆಲಸವನ್ನೂ ಲೆಕ್ಕಕ್ಕೆ ಹಿಡಿಯಿರಿ. ಬೋರ್ ಮಾಡಿಸಿದರೆ ಎಂಜಿನ್ ನಂಬರ್ ಬದಲಾಗದು. ಎಂಜಿನ್ನೇ ಬದಲಿಸಿದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಟಿಓ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ಹೊಸ ನಂಬರ್ ಏರಬೇಕು, ಇನ್ಶೂರೆನ್ಸ್‌ನಲ್ಲೂ ತಿದ್ದಿಸಬೇಕು. ಭಾವ ಇದಕ್ಕಾಗಿ ಸಕಲೇಶಪುರದ ಕೆಎ 46 ಆರ್‌ಟಿಓ ಕಚೇರಿಗೆ ಎರಡು ಸಲ ಓಡಾಡಿದರು, ಸೆಕೆಂಡ್ಸ್ ಎಂಜಿನ್ ಕೂರಿಸಿದಾಗ ಒಮ್ಮೆ, ಹಳೇದನ್ನು ವಾಪಸ್ ಕೂರಿಸಿದಾಗ ಇನ್ನೊಮ್ಮೆ. ಬಿಲ್ ಇಲ್ಲದ ಎಂಜಿನ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಮುಟ್ಟಬೇಡಿ, ಅದು ಕದ್ದ ಗಾಡಿಯದ್ದಾಗಿರಬಹುದು.

ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕ್ ತೂತಾಗಿದ್ದರೆ, ಬಿಸಿಯಾಗಿ ಬ್ಲಾಕ್ ಸೀಳಿದ್ದರೆ, ಓವರ್‌ಸೈಜ್ ಪಿಸ್ಟನ್ನಿನ ಕೊನೇ ಅಳತೆಯೂ ಮುಗಿದಿದ್ದರೆ ಸೆಕೆಂಡ್ಸ್ ಎಂಜಿನ್ನಿಗೇ ಹೋಗಿ. ಆಗಲೂ ಗೇಜ್ ಜೊತೆಯಲ್ಲಿ ಒಯ್ಯಿರಿ, ಕಂಪ್ರೆಷನ್ ಅಳೆಯಲು ಬಿಡದವರ ಹತ್ತಿರ ವ್ಯಾಪಾರ ಬೇಡ.