ಸೈತಾನನ ಕಚೇರಿಯ 31 ಪತ್ರಗಳು

ದೇವರಾಜ ಅರಸ್ ರಸ್ತೆಯ ಆಸುಪಾಸಿನ ಹಳೆಯ ಪುಸ್ತಕದ ಅಂಗಡಿಯೊಂದರಲ್ಲಿ 120 ರೂಪಾಯಿಗೆ ಸಿಕ್ಕಿದ ‘ದಿ ಸ್ಕ್ರೂಟೇಪ್ ಲೆಟರ್ಸ್’ ಪುಸ್ತಕವನ್ನು ಎರಡು ವಾರ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ಕುಳಿತು ಓದಿ ಮುಗಿಸಿದೆ. ನಾಸ್ತಿಕರ ಬಾಯಿ ಮುಚ್ಚಿಸುವ ವಿಡಂಬನೆ ಎಂದು ಕ್ರೈಸ್ತ ಗೆಳೆಯನೊಬ್ಬ ಹೊಗಳಿದ್ದನು. ದೇವರ ವಿಷಯದಲ್ಲಿ ಅನುಮಾನವೇ ಹೆಚ್ಚಾಗಿರುವ ನಾನು ಬಾಯಿ ಮುಚ್ಚಿಸಿಕೊಳ್ಳಲು ಸಿದ್ಧನಾಗಿಯೇ ಓದಲು ಕುಳಿತಿದ್ದೆ.

ಬರೆದವರು ಆಕ್ಸ್‌ಫರ್ಡ್‌ನಲ್ಲಿ ಸಾಹಿತ್ಯ ಕಲಿಸುತ್ತಿದ್ದ ಸಿ. ಎಸ್. ಲೂಯಿಸ್. ಹದಿಹರೆಯದಲ್ಲಿ ನಾಸ್ತಿಕರಾಗಿ, 1931ರಲ್ಲಿ ಕ್ರೈಸ್ತ ನಂಬಿಕೆಗೆ ಮರಳಿದ ಅವರಿಗೆ ಎದುರು ಪಾಳಯದ ವಾದಗಳೆಲ್ಲ ಒಳಗಿನಿಂದಲೇ ಗೊತ್ತಿದ್ದವು. 1941ರಲ್ಲಿ ಇಂಗ್ಲೆಂಡಿನ ಚರ್ಚ್ ವಾರಪತ್ರಿಕೆಯೊಂದರಲ್ಲಿ ವಾರಕ್ಕೊಂದರಂತೆ ಬಂದ ಈ ಪತ್ರಗಳು ಮರುವರ್ಷ ಪುಸ್ತಕವಾದವು. ಸ್ಕ್ರೂಟೇಪ್ ಎಂಬ ಹಿರಿಯ ಸೈತಾನನು, ಯುವಕನೊಬ್ಬನನ್ನು ದಾರಿ ತಪ್ಪಿಸುವ ಹೊಣೆ ಹೊತ್ತ ವರ್ಮ್‌ವುಡ್ ಎಂಬ ಕಿರಿಯ ಸೈತಾನನಿಗೆ ಬರೆಯುವ ಸಲಹೆಗಳಿವು. ಸ್ಕ್ರೂಟೇಪ್ ತನ್ನನ್ನು ವರ್ಮ್‌ವುಡ್‌ನ ‘ಅಂಕಲ್’ ಎಂದು ಕರೆದುಕೊಳ್ಳುತ್ತಾನೆ. ಇಂಗ್ಲಿಷಿನ ‘ಅಂಕಲ್’ ಎಂದರೆ ಚಿಕ್ಕಪ್ಪನೂ ಆಗಬಹುದು, ಸೋದರಮಾವನೂ ಆಗಬಹುದು; ಬುದ್ಧಿ ಹೇಳುವ ಪರಿ ನೋಡಿದರೆ ಇವನು ಸೋದರಮಾವನೇ ಇರಬೇಕು.

ಇಲ್ಲಿ ದೇವರ ಹೆಸರು ‘ಶತ್ರು’. ಬೈಯುತ್ತಲೇ ಹೊಗಳುವ ನಿಂದಾಸ್ತುತಿ ನಮಗೆ ದಾಸರ ಪದಗಳಿಂದ ಪರಿಚಿತವೇ ಆಗಿದೆ. ಆದರೆ ಅಲ್ಲಿ ಬೈಯುವವನು ಭಕ್ತ, ಇಲ್ಲಿ ಬೈಯುವವನು ನಿಜವಾದ ವೈರಿ. ಹೊಗಳಿಕೆ ಅವನಿಗೆ ತಿಳಿಯದಂತೆಯೇ ಬಾಯಿಂದ ಜಾರುತ್ತದೆ. ಇದನ್ನು ನೇರವಾಗಿ ಓದಿಕೊಂಡವರೂ ಇದ್ದರು: ಪತ್ರಗಳಲ್ಲಿನ ಬೋಧನೆ ಪೈಶಾಚಿಕವಾಗಿದೆಯೆಂದು ಹಳ್ಳಿಯ ಪಾದ್ರಿಯೊಬ್ಬರು ಆ ವಾರಪತ್ರಿಕೆಯ ಚಂದಾವನ್ನೇ ನಿಲ್ಲಿಸಿದ್ದರಂತೆ.

ನಾಸ್ತಿಕತೆಯನ್ನು ಎದುರಿಸುವ ಮುಖ್ಯ ಪ್ರಸಂಗ ಮೊದಲ ಪತ್ರದಲ್ಲಿಯೇ ಇದೆ. ಬ್ರಿಟಿಷ್ ಮ್ಯೂಸಿಯಂನಲ್ಲಿ ಓದುತ್ತಿದ್ದ ನಾಸ್ತಿಕನೊಬ್ಬನ ಯೋಚನೆ ದೇವರ ಕಡೆಗೆ ಹೊರಳಿದಾಗ, ಸ್ಕ್ರೂಟೇಪ್ ಅವನೊಂದಿಗೆ ವಾದಕ್ಕೆ ಇಳಿಯುವುದಿಲ್ಲ, ಊಟದ ಹೊತ್ತಾಯಿತೆಂದು ನೆನಪಿಸುತ್ತಾನೆ. ಬೀದಿಗೆ ಬಂದು, ಪತ್ರಿಕೆ ಮಾರುವ ಹುಡುಗನನ್ನೂ 73ನೇ ನಂಬರಿನ ಬಸ್ಸನ್ನೂ ಕಂಡೊಡನೆ, ಒಳಗೆ ಹುಟ್ಟಿದ್ದ ಯೋಚನೆಯೆಲ್ಲ ಅವನಿಗೆ ಪುಸ್ತಕದ ಹುಳುವಿನ ಭ್ರಮೆಯಂತೆ ತೋರುತ್ತದೆ. ಮೈಸೂರಿನಲ್ಲಾಗಿದ್ದರೆ ಒಂದು ಮಸಾಲೆ ದೋಸೆಯ ವಾಸನೆಯೇ ಸಾಕಾಗುತ್ತಿತ್ತು. ನಂಬಿಕೆಯಾಗಲಿ ಅಪನಂಬಿಕೆಯಾಗಲಿ ಬಹುಪಾಲು ಜನರಲ್ಲಿ ತರ್ಕದಿಂದಲ್ಲ, ಅಭ್ಯಾಸದಿಂದ ಉಳಿಯುತ್ತದೆ ಎಂಬ ಮಾತು ಇಲ್ಲಿ ಚುರುಕಾಗಿ ತಾಕುತ್ತದೆ. ಆದರೆ ನನ್ನ ಪ್ರತಿಯನ್ನು ಮೊದಲು ಓದಿದ ಯಾರೋ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ, ಪುಟ್ಟ ದುಂಡನೆಯ ಅಕ್ಷರಗಳಲ್ಲಿ, ‘ಊಟ ಮುಗಿಸಿ ಬಂದು ಮತ್ತೆ ಓದಬಹುದಲ್ಲ?’ ಎಂದು ಬರೆದಿದ್ದಾರೆ. ನನ್ನ ತಕರಾರೂ ಇದೇ. ಲೂಯಿಸ್ ತಮ್ಮ ನಾಸ್ತಿಕನನ್ನು ಊಟಕ್ಕೆ ಕಳುಹಿಸುತ್ತಾರೆಯೇ ಹೊರತು ಮರಳಿ ಬಂದು ಮಾತನಾಡಲು ಬಿಡುವುದಿಲ್ಲ. ಯುದ್ಧದಲ್ಲಿ, ರೋಗದಲ್ಲಿ ನರಳುವವರನ್ನು ಕಂಡು ದೇವರನ್ನು ಬಿಟ್ಟವನ ಪ್ರಶ್ನೆಗೆ, ನಿನ್ನ ಕಿವಿಯಲ್ಲಿ ಸೈತಾನನು ಊದುತ್ತಿದ್ದಾನೆ ಎಂಬುದು ಉತ್ತರವಾಗುವುದಿಲ್ಲ.

ಬದಲಿಗೆ, ಆಸ್ತಿಕರನ್ನು ಛೇಡಿಸುವ ಕಡೆ ಪುಸ್ತಕ ಬಹಳ ಮೇಲಕ್ಕೇರುತ್ತದೆ. ಹೊಸದಾಗಿ ಚರ್ಚ್‌ಗೆ ಬಂದ ಯುವಕನ ಕಣ್ಣನ್ನು ಪ್ರಾರ್ಥನೆಯಿಂದ ತಪ್ಪಿಸಿ, ಅಕ್ಕಪಕ್ಕದವರ ಅಪಸ್ವರದ ಹಾಡು, ಕಿರುಗುಟ್ಟುವ ಬೂಟು, ವಿಚಿತ್ರ ಉಡುಪುಗಳ ಮೇಲೆ ನಿಲ್ಲಿಸು ಎಂದು ಎರಡನೆಯ ಪತ್ರ ಹೇಳುತ್ತದೆ. ಅಶೋಕ ರಸ್ತೆಯ ಸಂತ ಫಿಲೋಮಿನಾ ಚರ್ಚ್‌ಗೆ ಪ್ರತಿ ಭಾನುವಾರ ಹೋಗುವ ನನ್ನ ಗೆಳೆಯನಿಗೆ ಈ ಭಾಗ ಓದಿ ಹೇಳಿದಾಗ ಅವನು ಜೋರಾಗಿ ನಕ್ಕನು, ಆಮೇಲೆ ಕೊಂಚ ಹೊತ್ತು ಸುಮ್ಮನಿದ್ದನು.

ಕೊಳ್ಳುವವರಿಗೆ ಒಂದು ಮಾತು: ದಿನಕ್ಕೆ ಎರಡು ಪತ್ರಗಳಿಗಿಂತ ಹೆಚ್ಚು ಓದಬಾರದು. ಒಂದೇ ದನಿಯ ಕೊಂಕು ಹತ್ತು ಪತ್ರಗಳಾಗುವಷ್ಟರಲ್ಲಿ ನಾಲಿಗೆಗೆ ಒಗರಾಗುತ್ತದೆ; ಸೈತಾನನ ಮನಸ್ಸಿನೊಳಗೆ ಹೊಕ್ಕು ಬರೆಯುವುದು ತಮಗೂ ಹಿತವಾಗಿರಲಿಲ್ಲವೆಂದು ಲೂಯಿಸ್ ಅವರೇ ಹೇಳಿಕೊಂಡಿದ್ದಾರೆ. ಇಂಗ್ಲೆಂಡಿನ ಚರ್ಚ್‌ನ ಒಳಜಗಳಗಳ ಕುರಿತ ಪುಟಗಳನ್ನು ನಾನು ಬೇಗ ದಾಟಿಸಿದೆ.

ಪುಸ್ತಕವೀಗ ಗೆಳೆಯನ ಮನೆಯಲ್ಲಿದೆ. ಪೆನ್ಸಿಲಿನ ಬರಹವನ್ನು ಅಳಿಸಬಾರದೆಂದು ಹೇಳಿಯೇ ಕೊಟ್ಟಿದ್ದೇನೆ.