ಕೀಕ್ಯಾಡ್‌ನ ಡೀಫಾಲ್ಟ್ ಲೈಬ್ರರಿಯೋ, ನಮ್ಮದೇ ಡಬ್ಬಿಯ ಲೈಬ್ರರಿಯೋ?

ಕೀಕ್ಯಾಡ್ ಅಂದರೆ ಸರ್ಕ್ಯೂಟ್ ಬೋರ್ಡ್ ವಿನ್ಯಾಸ ಮಾಡುವ ಸಾಫ್ಟ್‌ವೇರ್, ಲೈಬ್ರರಿ ಅಂದರೆ ಅದರಲ್ಲಿ ಬಳಸುವ ಪಾರ್ಟುಗಳ ಚಿತ್ರಗಳ ಸಂಗ್ರಹ. ಮೊದಲೇ ಹೇಳಿಬಿಡುತ್ತೇನೆ, ನಾನು ಸ್ವಂತ ಲೈಬ್ರರಿಯ ಪಕ್ಷ. ಅದರಲ್ಲಿರುವುದು ಅರವತ್ತು ಚಿಲ್ಲರೆ ಪಾರ್ಟುಗಳು, ಎಲ್ಲವೂ ನನ್ನ ಮೇಜಿನ ಡಬ್ಬಿಗಳಲ್ಲಿ ಇರುವಂಥವೇ. ಸಾವಿರಾರು ಪಾರ್ಟು ಪುಕ್ಕಟೆ ಸಿಗುವಾಗ ಈ ಉಸಾಬರಿ ಯಾಕೆ ಅಂತ ನನಗೂ ಅನ್ನಿಸುತ್ತಿತ್ತು, ಟ್ಯಾಂಕ್ ತುಂಬಿದ ಕೂಡಲೇ ಮೋಟರ್ ನಿಲ್ಲಿಸುವ ಬೋರ್ಡಿನ ಎರಡನೇ ಆವೃತ್ತಿ ಕೈಗೆ ಬರುವವರೆಗೆ.

ಮೊದಲನೇ ಆವೃತ್ತಿಯಲ್ಲಿ ರಿಲೇ (ವಿದ್ಯುತ್ತಿನಿಂದ ಓಡುವ ಸ್ವಿಚ್ಚು) ಓಡಿಸಲು 2ಎನ್3904 ಟ್ರಾನ್ಸಿಸ್ಟರ್ ಹಾಕಿದ್ದೆ, ಟಿಒ-92 ಎಂಬ ಮೂರು ಕಾಲಿನ ಹಳೇ ಆಕಾರದ್ದು. ಡೀಫಾಲ್ಟ್ ಲೈಬ್ರರಿಯ ಸಾಮಾನ್ಯ ಎನ್‌ಪಿಎನ್ (ಟ್ರಾನ್ಸಿಸ್ಟರಿನ ಒಂದು ಬಗೆ) ಸಿಂಬಲ್‌ಗಳಲ್ಲಿ, ಅಂದರೆ ನಕ್ಷೆಯಲ್ಲಿ ಪಾರ್ಟನ್ನು ತೋರಿಸುವ ಚಿಹ್ನೆಗಳಲ್ಲಿ, 'ಇಬಿಸಿ' ಅಂತ ಕೊನೆಯಾಗುವುದನ್ನು ಆರಿಸಿದ್ದೆ. ಅಂದರೆ ಕಾಲುಗಳ ಕ್ರಮ 1 ಎಮಿಟರ್, 2 ಬೇಸ್, 3 ಕಲೆಕ್ಟರ್. ಸರಿಯಾಗಿಯೇ ಇತ್ತು. ಎರಡನೇ ಸಲ ಬೋರ್ಡ್ ಚಿಕ್ಕದು ಮಾಡೋಣವೆಂದು ಬೆಂಗಳೂರಿನ ಎಸ್‌ಪಿ ರೋಡಿನಿಂದ ಎಸ್‌ಒಟಿ-23 ಎಂಬ ಪುಟ್ಟ ಅಳತೆಯ ಬಿಸಿ847 ಟ್ರಾನ್ಸಿಸ್ಟರ್ ತಂದೆ. ಸ್ಕೀಮ್ಯಾಟಿಕ್‌ನಲ್ಲಿ (ಸರ್ಕ್ಯೂಟಿನ ನಕ್ಷೆಯಲ್ಲಿ) ಸಿಂಬಲ್ ಮುಟ್ಟಲಿಲ್ಲ, ಫುಟ್‌ಪ್ರಿಂಟ್ (ಬೋರ್ಡಿನ ಮೇಲೆ ಪಾರ್ಟಿನ ಕಾಲುಗಳು ಕೂರುವ ಜಾಗದ ಚಿತ್ರ) ಮಾತ್ರ ಬದಲಿಸಿದೆ. ಹತ್ತು ಬೋರ್ಡ್ ಬಂದವು. ಒಂದರಲ್ಲೂ ರಿಲೇ 'ಟಕ್' ಅನ್ನಲಿಲ್ಲ.

ಡೇಟಾಶೀಟ್ (ತಯಾರಕರು ಕೊಡುವ ವಿವರಗಳ ಹಾಳೆ) ತೆಗೆದಾಗ ಗೊತ್ತಾಯಿತು: ಬಿಸಿ847ರಲ್ಲಿ 1 ಬೇಸ್, 2 ಎಮಿಟರ್. ನನ್ನ ಬೋರ್ಡಿನಲ್ಲಿ ಎರಡೂ ಅದಲುಬದಲು. ಕೀಕ್ಯಾಡ್‌ನ ಚೆಕ್‌ಗಳು ಒಂದು ಮಾತೂ ಆಡಿರಲಿಲ್ಲ. ಆಡುವುದಾದರೂ ಹೇಗೆ? ಸಿಂಬಲ್‌ನಲ್ಲಿ 1, 2, 3 ಇದೆ, ಫುಟ್‌ಪ್ರಿಂಟ್‌ನಲ್ಲೂ 1, 2, 3 ಇದೆ. ಅದಕ್ಕೆ ಅಷ್ಟು ಸಾಕು. ತಪ್ಪು ನನ್ನದೇ, ಆದರೆ ಸಿಂಬಲ್ ಬೇರೆ, ಫುಟ್‌ಪ್ರಿಂಟ್ ಬೇರೆ ಇಟ್ಟು 'ನೀನೇ ಜೋಡಿಸಿಕೋ' ಅನ್ನುವ ವ್ಯವಸ್ಥೆಯಲ್ಲಿ ಈ ತಪ್ಪಿಗೆ ಬಾಗಿಲು ಸದಾ ತೆರೆದೇ ಇರುತ್ತದೆ.

ಪುಣ್ಯಕ್ಕೆ ಈ ಒಂದು ಅದಲುಬದಲಿಗೆ ಮದ್ದಿದೆ. ಎಸ್‌ಒಟಿ-23ನ್ನು ಅಂಗಾತ ಮಲಗಿಸಿದರೆ 1 ಮತ್ತು 2 ಜಾಗ ಬದಲಿಸಿಕೊಳ್ಳುತ್ತವೆ, ಒಂಟಿಯಾಗಿರುವ 3 ಅಲ್ಲೇ ಉಳಿಯುತ್ತದೆ. ಜಿರಲೆ ಬೆನ್ನಮೇಲೆ ಬಿದ್ದಂತೆ ಕಾಲು ಮೇಲಕ್ಕೆ. ಒಂದೊಂದನ್ನೂ ಟ್ವೀಜರ್‌ನಿಂದ ಕೆಳಕ್ಕೆ ಬಗ್ಗಿಸಿ, ದಪ್ಪಗೆ ಸೋಲ್ಡರ್ ಇಟ್ಟು ಹಿಡಿಸಬೇಕು. ಹತ್ತರಲ್ಲಿ ಎಂಟು ಬದುಕಿದವು. ಎರಡರಲ್ಲಿ ಕಾಲೇ ಮುರಿಯಿತು.

ಹಾಗಂತ ಡೀಫಾಲ್ಟ್ ಲೈಬ್ರರಿ ಕಳಪೆಯೇನಲ್ಲ. ಸ್ವಯಂಸೇವಕರು ಬರೆದಿಟ್ಟ ನಿಯಮಗಳ ಪ್ರಕಾರ ಒಂದೊಂದನ್ನೂ ಪರಿಶೀಲಿಸಿ ಸೇರಿಸುತ್ತಾರೆ. ಫುಟ್‌ಪ್ರಿಂಟ್‌ಗಳನ್ನು ನಾನು ಇವತ್ತಿಗೂ ಅಲ್ಲಿಂದಲೇ ನಕಲು ಮಾಡುತ್ತೇನೆ. ಸ್ಥಾಪಿಸುವಾಗ ಒಂದೇ ಎಚ್ಚರ: ನಾನು ಬಳಸುವ 8ನೇ ಆವೃತ್ತಿಯಲ್ಲಿ ಮೊದಲ ಸಲ ತೆರೆದಾಗ ಲೈಬ್ರರಿ ಪಟ್ಟಿ ಹೇಗಿರಬೇಕೆಂದು ಕೇಳುತ್ತದೆ. ಡೀಫಾಲ್ಟ್ ಪಟ್ಟಿಯನ್ನು ನಕಲಿಸು ಎನ್ನುವ ಮೊದಲ ಆಯ್ಕೆ ಒತ್ತಿ. ಖಾಲಿ ಪಟ್ಟಿ ಆರಿಸಿಬಿಟ್ಟರೆ ರೆಸಿಸ್ಟರ್ ಕೂಡ ಸಿಗುವುದಿಲ್ಲ. ಆಗ ಸಾಫ್ಟ್‌ವೇರನ್ನೇ ತೆಗೆದು ಮತ್ತೆ ಹಾಕಿದರೂ ಉಪಯೋಗವಿಲ್ಲ, ಏಕೆಂದರೆ ಆ ಪಟ್ಟಿ ನಿಮ್ಮ ಕಾನ್ಫಿಗ್ ಫೋಲ್ಡರಿನಲ್ಲಿ ಹಾಗೇ ಕೂತಿರುತ್ತದೆ. ಕೀಕ್ಯಾಡ್ ಮುಚ್ಚಿ, ಆ ಫೋಲ್ಡರಿನ ಸಿಮ್-ಲಿಬ್-ಟೇಬಲ್ ಎಂಬ ಫೈಲ್ ಅಳಿಸಿದರೆ ಪ್ರಶ್ನೆ ಮತ್ತೆ ಬರುತ್ತದೆ. ಫುಟ್‌ಪ್ರಿಂಟ್‌ಗೆ ಎಫ್‌ಪಿ-ಲಿಬ್-ಟೇಬಲ್ ಅಂತ ಬೇರೆ ಫೈಲ್, ಅದರ ಪ್ರಶ್ನೆಯೂ ಬೇರೆ. ಒಂದನ್ನು ಸರಿಮಾಡಿ ಇನ್ನೊಂದನ್ನು ಮರೆತು ಒಂದು ಸಂಜೆ ಕಳೆದಿದ್ದೇನೆ.

ಸ್ವಂತ ಲೈಬ್ರರಿಗೆ ಹಿಡಿದದ್ದು ಎರಡು ಭಾನುವಾರ. ಡೀಫಾಲ್ಟ್ ಸಿಂಬಲನ್ನು ನನ್ನ ಲೈಬ್ರರಿಗೆ ನಕಲಿಸಿ, ಡೇಟಾಶೀಟ್ ಪಕ್ಕದಲ್ಲಿಟ್ಟುಕೊಂಡು ಪಿನ್ ನಂಬರ್ ತಾಳೆ ನೋಡಿ, ಫುಟ್‌ಪ್ರಿಂಟ್ ಹೆಸರನ್ನು ಅದರೊಳಗೇ ತುಂಬಿಡುವುದು, ಅಷ್ಟೇ ಕೆಲಸ. ಈಗ ಬಿಸಿ847 ಎಂದರೆ ಒಂದೇ ಸಿಂಬಲ್, ಒಂದೇ ಫುಟ್‌ಪ್ರಿಂಟ್. ಜೊತೆಗೆ 'ಡಬ್ಬಿ' ಅಂತ ಒಂದು ಫೀಲ್ಡ್ ಸೇರಿಸಿದ್ದೇನೆ. ಪಾರ್ಟ್ ಪಟ್ಟಿ ತೆಗೆದಾಗ ಯಾವುದು ಯಾವ ಡಬ್ಬಿಯಲ್ಲಿದೆ ಅಂತಲೂ ಬರುತ್ತದೆ. ಇದಕ್ಕಾಗಿಯೇ ಎರಡು ಭಾನುವಾರ ಕೊಡಬಹುದಿತ್ತು.

ಲೈಬ್ರರಿಯನ್ನು ಪ್ರಾಜೆಕ್ಟ್ ಫೋಲ್ಡರಿನೊಳಗೇ ಇಡುವವರು ಅದರ ವಿಳಾಸವನ್ನು ಕಿಪಿಆರ್‌ಜೆಮಾಡ್ (KIPRJMOD) ವೇರಿಯಬಲ್‌ನಿಂದ, ಅಂದರೆ ಪ್ರಾಜೆಕ್ಟ್ ಫೋಲ್ಡರ್ ಎಲ್ಲಿದೆಯೋ ಅದನ್ನೇ ಸೂಚಿಸುವ ಹೆಸರಿನಿಂದ, ಶುರುಮಾಡಿ. ಇಲ್ಲದಿದ್ದರೆ ಜಿಪ್ ಮಾಡಿ ಸ್ನೇಹಿತರಿಗೆ ಕಳಿಸಿದಾಗ ಅವರ ಕಂಪ್ಯೂಟರಿನಲ್ಲಿ ನಿಮ್ಮ ಮನೆಯ ಫೋಲ್ಡರ್ ಹುಡುಕುತ್ತಾ ಕೂರುತ್ತದೆ.

ಈಸಿಈಡಿಎ ಎಂಬ ಇನ್ನೊಂದು ಬೋರ್ಡ್ ವಿನ್ಯಾಸದ ಸಾಫ್ಟ್‌ವೇರ್ ಕೂಡ ಕೆಲವು ತಿಂಗಳು ಬಳಸಿದೆ. ಅಲ್ಲಿ ಲೈಬ್ರರಿ ಕೂರಿಸುವ ತಾಪತ್ರಯವೇ ಇಲ್ಲ. ಎಲ್‌ಸಿಎಸ್‌ಸಿ ಎಂಬ ಚೀನಾದ ಆನ್‌ಲೈನ್ ಅಂಗಡಿಯ ಪಾರ್ಟ್ ನಂಬರ್ ಹಾಕಿದರೆ ಸಿಂಬಲ್, ಫುಟ್‌ಪ್ರಿಂಟ್ ಒಟ್ಟಿಗೇ ಬರುತ್ತವೆ. ಬೋರ್ಡನ್ನು ಚೀನಾದಲ್ಲೇ ಪಾರ್ಟ್ ಸಮೇತ ಜೋಡಿಸಿ ತರಿಸುವವರು ಈ ಹೋಲಿಕೆ ಓದುವ ಅಗತ್ಯವೇ ಇಲ್ಲ, ಅದನ್ನೇ ಹಿಡಿಯಿರಿ. ನಾನು ಪಾರ್ಟ್ ಕೊಳ್ಳುವುದು ಎಸ್‌ಪಿ ರೋಡಿನಲ್ಲಿ, ಬೆಸುಗೆ ಹಾಕುವುದು ಅಡುಗೆಮನೆ ಪಕ್ಕದ ಮೇಜಿನಲ್ಲಿ. ಎಲ್‌ಸಿಎಸ್‌ಸಿಯ ನಂಬರ್ ನನಗೆ ಉಪಯೋಗಕ್ಕೆ ಬರಲಿಲ್ಲ.

ಇದೇ ಕೆಲಸದ ಈಗಲ್ ಸಾಫ್ಟ್‌ವೇರ್? 2026ರ ಜೂನ್‌ಗೆ ನಿಲ್ಲಿಸುತ್ತೇವೆಂದು ಅದರ ಕಂಪನಿ ಆಟೋಡೆಸ್ಕ್ 2023ರಲ್ಲೇ ಹೇಳಿತ್ತು. ಹೊಸದಾಗಿ ಶುರುಮಾಡುವವರು ಆ ಕಡೆ ಹೋಗಬೇಡಿ. ಆಲ್ಟಿಯಮ್ ಎಂಬ ದುಬಾರಿ ಸಾಫ್ಟ್‌ವೇರ್ ನನ್ನ ಜೇಬಿನ ಮಾತಲ್ಲ.

ತಿಂಗಳಿಗೊಂದು ಬೋರ್ಡ್, ಅದೇ ಹತ್ತಿಪ್ಪತ್ತು ಪಾರ್ಟುಗಳು ಅನ್ನುವವರಿಗೆ ಸ್ವಂತ ಲೈಬ್ರರಿಯೇ ಸರಿ. ಪ್ರತಿ ಸಲ ಹೊಸ ಚಿಪ್ ಬಳಸುವವರಿಗೆ ಡೀಫಾಲ್ಟೇ ವಾಸಿ. ನಾನಂತೂ ಡೀಫಾಲ್ಟ್ ಪಟ್ಟಿಯಲ್ಲಿ ಪವರ್ ಮತ್ತು ಕನೆಕ್ಟರ್‌ಗಳನ್ನು ಬಿಟ್ಟು ಉಳಿದೆಲ್ಲದರ ಟಿಕ್ ತೆಗೆದಿದ್ದೇನೆ. ಕಾಲು ಮುರಿದ ಆ ಎರಡು ಬೋರ್ಡ್ ಮಾನಿಟರ್ ಕೆಳಗೆ ಒರಗಿಸಿಟ್ಟಿವೆ.