ಗದಗಿನ ಮೀಟರ್ ಗೇಜ್ ಗೂಡ್ಸ್ ಯಾರ್ಡ್: ಮೂರು ಅಳತೆಗಳಲ್ಲಿ ಕಟ್ಟಿ ನೋಡಿದ ಹೋಲಿಕೆ

ಗದಗ ಜಂಕ್ಷನ್ನಿನ ಹಳೆಯ ಮೀಟರ್ ಗೇಜ್ (ಹಳಿಗಳ ನಡುವೆ ಒಂದು ಮೀಟರ್ ಅಂತರದ) ಗೂಡ್ಸ್ ಯಾರ್ಡನ್ನು ಮನೆಯೊಳಗೆ ಮಾದರಿಯಾಗಿ ಕಟ್ಟಲು ಹೊರಟವರಿಗೆ ಮೊದಲು ಎದುರಾಗುವ ಪ್ರಶ್ನೆ ಅಳತೆಯದು. ನಮ್ಮ ಮೀಟರ್ ಗೇಜ್ ಗಾಡಿಗಳ ಮಾದರಿಗಳು ಅಂಗಡಿಯಲ್ಲಿ ಸಿದ್ಧವಾಗಿ ಸಿಗುವುದಿಲ್ಲವಾದ್ದರಿಂದ, ಬೇರೆ ದೇಶಗಳ ಗಾಡಿಗಳಿಗಾಗಿ ತಯಾರಾದ ಹಳಿ, ಗಾಲಿ, ಮೋಟಾರುಗಳನ್ನು ತರಿಸಿಕೊಂಡು ಅವುಗಳ ಮೇಲೆ ನಮ್ಮ ಗಾಡಿಯನ್ನು ಕೂರಿಸಬೇಕಾಗುತ್ತದೆ. ಹಾಗೆ ಕೂರಿಸಲು ಮೂರು ದಾರಿಗಳಿವೆ. ಕಳೆದ ಮೂರು ವರ್ಷಗಳಲ್ಲಿ ಹುಬ್ಬಳ್ಳಿಯ ನಮ್ಮ ಮನೆಯ ಮಾಳಿಗೆಯ ಮೇಲಿನ ಖೋಲಿಯಲ್ಲಿ ಒಂದೇ ಯಾರ್ಡನ್ನು ಆ ಮೂರೂ ಅಳತೆಗಳಲ್ಲಿ ಕಟ್ಟಿ, ಪ್ರತಿಯೊಂದರಲ್ಲೂ ಹಲವು ತಿಂಗಳು ಶಂಟಿಂಗ್ ಮಾಡಿ ನೋಡಿದ್ದೇನೆ. ಓಡುವ ಗಾಡಿಯನ್ನು ಕುಳಿತು ನೋಡುವ ಆಸೆಗಿಂತ ವ್ಯಾಗನ್‌ಗಳನ್ನು ಬಿಡಿಸಿ, ಜೋಡಿಸಿ, ಸರಿಯಾದ ಜಾಗಕ್ಕೆ ತಲುಪಿಸುವ ಆಸೆಯೇ ನನ್ನಲ್ಲಿ ಹೆಚ್ಚಾಗಿರುವುದರಿಂದ, ಇಲ್ಲಿ ಹೇಳುವುದೆಲ್ಲ ಆ ಕೆಲಸದ ದೃಷ್ಟಿಯಿಂದ ಕಂಡದ್ದು.

ಯಾರ್ಡಿನ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಈ ಭಾಗಕ್ಕೆ ರೈಲು ತಂದದ್ದು 1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ, ಮತ್ತು ಇಲ್ಲಿ ಅದು ಹಾಕಿದ್ದು ಮೀಟರ್ ಗೇಜ್. ಆ ಹಳಿಗಳು 1908ರಲ್ಲಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಗೆ, 1951ರಲ್ಲಿ ದಕ್ಷಿಣ ರೈಲ್ವೆಗೆ, 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆಗೆ ಸೇರಿದವು. ಹುಬ್ಬಳ್ಳಿಯಿಂದ, ಹೊಸಪೇಟೆ–ಬಳ್ಳಾರಿಯ ಕಡೆಯಿಂದ ಮತ್ತು ವಿಜಯಪುರ–ಹೊಟಗಿಯ ಕಡೆಯಿಂದ ಬರುವ ಹಳಿಗಳು ಗದಗಿನಲ್ಲಿ ಕೂಡುತ್ತವೆ. ಹೊಟಗಿಯಲ್ಲಿ ಹೆಚ್ಚು ಅಗಲದ ಬ್ರಾಡ್ ಗೇಜ್ ಹಳಿ ಎದುರಾಗುತ್ತಿದ್ದುದರಿಂದ ಅಲ್ಲಿಂದ ಮುಂದೆ ಹೋಗುವ ಪ್ರತಿ ಹತ್ತಿ ಅಂಡಿಗೆಯನ್ನೂ ಪ್ರತಿ ಶೇಂಗಾ ಚೀಲವನ್ನೂ ಹಮಾಲರು ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ ಹೊರಬೇಕಾಗಿತ್ತು. ನಾನು ಆರಿಸಿಕೊಂಡದ್ದು 1980ರ ಆಸುಪಾಸಿನ ಕಾಲವನ್ನು. ವೈಜಿ ಉಗಿ ಎಂಜಿನ್ನುಗಳೂ ವೈಡಿಎಂ-4 ಡೀಸೆಲ್ ಎಂಜಿನ್ನುಗಳೂ ಮೀಟರ್ ಗೇಜಿನಲ್ಲಿ ಒಟ್ಟಿಗೆ ದುಡಿದ ಕಾಲವದು.

ಹೋಲಿಕೆ ನ್ಯಾಯವಾಗಿರಬೇಕೆಂದು ಮೂರು ಅಳತೆಗಳಲ್ಲೂ ಒಂದೇ ನಕ್ಷೆ ಬಳಸಿದೆ. ಬ್ರಿಟನ್ನಿನ ಆಲನ್ ರೈಟ್ ಅವರು ರೂಪಿಸಿದ ‘ಇಂಗಲ್‌ನುಕ್’ ಎಂಬ ಆ ನಕ್ಷೆಯಲ್ಲಿ ವ್ಯಾಗನ್ ನಿಲ್ಲಿಸುವ ಮೂರು ಪಕ್ಕದ ಹಳಿಗಳು, ಅಂದರೆ ಸೈಡಿಂಗ್‌ಗಳಿರುತ್ತವೆ: ಒಂದರಲ್ಲಿ ಐದು ವ್ಯಾಗನ್ ಹಿಡಿಯುತ್ತವೆ, ಉಳಿದೆರಡರಲ್ಲಿ ಮೂರು ಮೂರು. ಎಂಜಿನ್ ಹಿಂದೆಮುಂದೆ ಸರಿಯುವ ತುದಿಯ ಹಳಿಯಲ್ಲಿ, ಅಂದರೆ ಶಂಟಿಂಗ್ ನೆಕ್ಕಿನಲ್ಲಿ, ಎಂಜಿನ್ನಿನ ಜೊತೆ ಮೂರು ವ್ಯಾಗನ್ನಿಗೆ ಮಾತ್ರ ಜಾಗ. ಎಂಟು ವ್ಯಾಗನ್‌ಗಳಲ್ಲಿ ಐದನ್ನು ಚೀಟಿ ಎತ್ತಿ ಆರಿಸಿ, ಬಂದ ಕ್ರಮದಲ್ಲೇ ಜೋಡಿಸಿ ಗಾಡಿ ಸಿದ್ಧಮಾಡಬೇಕು. ಹೀಗೆ 6720 ಬಗೆಯ ಗಾಡಿಗಳು ಸಾಧ್ಯವಿರುವುದರಿಂದ ಬೇಸರಕ್ಕೆ ಎಡೆಯಿಲ್ಲ.

ಇನ್ನು ಲೆಕ್ಕ. ನಿಜವಾದ ಹಳಿಗಳ ನಡುವಿನ ಅಂತರ 1000 ಮಿ.ಮೀ. 1:87 ಅಳತೆಯಲ್ಲಿ, ಅಂದರೆ ನಿಜದ 87ರಲ್ಲಿ ಒಂದು ಪಾಲಿಗೆ ಇಳಿಸಿದರೆ, ಅದು 11.5 ಮಿ.ಮೀ. ಆಗುತ್ತದೆ, ಯುರೋಪಿನ ಮೀಟರ್ ಗೇಜ್ ಮಾದರಿಗಳಿಗಾಗಿ ತಯಾರಾಗುವ 12 ಮಿ.ಮೀ. ಹಳಿ ಇದಕ್ಕೆ ತೀರ ಹತ್ತಿರ. 1:64ರಲ್ಲಿ 15.6 ಮಿ.ಮೀ. ಬೇಕು, ಎಲ್ಲೆಡೆ ಸಿಗುವ ಎಚ್‌ಒ ಹಳಿ (1:87ರಲ್ಲಿ ಮಾಡಿದ ಅಮೆರಿಕ, ಯುರೋಪಿನ ಸಾಮಾನ್ಯ ಗಾಡಿಗಳ ಮಾದರಿಗಳದು) 16.5 ಮಿ.ಮೀ. ಇದೆ. 1:120ರಲ್ಲಿ 8.3 ಮಿ.ಮೀ. ಬೇಕು, ಎನ್ ಹಳಿ (ಎಚ್‌ಒಗಿಂತ ಚಿಕ್ಕ ಮಾದರಿಗಳದು) 9 ಮಿ.ಮೀ. ಇದೆ. ಅಂದರೆ ಮೊದಲನೆಯದರಲ್ಲಿ ಹಳಿ ಶೇ. 4ರಷ್ಟು, ಎರಡನೆಯದರಲ್ಲಿ ಶೇ. 6ರಷ್ಟು, ಮೂರನೆಯದರಲ್ಲಿ ಶೇ. 8ರಷ್ಟು ಅಗಲವಾಗಿ ಬೀಳುತ್ತದೆ. ಈ ವ್ಯತ್ಯಾಸಗಳು ಕಣ್ಣಿಗೆ ಹೊಡೆಯುವಂಥವಲ್ಲ. ವ್ಯಾಗನ್ನಿನ ಗಾತ್ರ ಮಾತ್ರ ತಕ್ಷಣ ಕಾಣುತ್ತದೆ: 20 ಅಡಿ ಉದ್ದದ ನಾಲ್ಕು ಗಾಲಿಯ ಪೆಟ್ಟಿಗೆ ವ್ಯಾಗನ್ನೆಂದು ಹಿಡಿದರೆ, ಅದು 1:64ರಲ್ಲಿ 95 ಮಿ.ಮೀ., 1:87ರಲ್ಲಿ 70 ಮಿ.ಮೀ., 1:120ರಲ್ಲಿ 51 ಮಿ.ಮೀ. ಬರುತ್ತದೆ. ಇದೇ ನಕ್ಷೆಗೆ ಬೇಕಾದ ಹಲಗೆಯ ಉದ್ದ ನನ್ನಲ್ಲಿ ಕ್ರಮವಾಗಿ 6 ಅಡಿ, 4.5 ಅಡಿ ಮತ್ತು 3 ಅಡಿ 3 ಇಂಚು ಆಯಿತು.

ಮೊದಲು ಕಟ್ಟಿದ್ದು 1:87, ಏಕೆಂದರೆ ಕಾಗದದ ಮೇಲೆ ಅದೇ ಅತ್ಯಂತ ನಿಖರವಾಗಿತ್ತು. ಆದರೆ ನನಗೆ ಬಂದ ಮೊದಲ ಪೆಟ್ಟಿಗೆಯಲ್ಲಿ ಕೇಳಿದ ಹಳಿಯ ಬದಲು 1:120 ಅಳತೆಯ ಸ್ಟ್ಯಾಂಡರ್ಡ್ ಗೇಜಿನ (ಯುರೋಪ್, ಅಮೆರಿಕದಲ್ಲಿ ಸಾಮಾನ್ಯವಾದ, ಮೀಟರ್ ಗೇಜಿಗಿಂತ ಅಗಲದ ಗೇಜಿನ) 12 ಮಿ.ಮೀ. ಹಳಿಯಿತ್ತು, ಕಳಿಸಿದವರು ಎರಡೂ ಒಂದೇ ಎಂದು ವಾದಿಸಿದರು, ಮರಳಿ ಪಡೆಯಲಿಲ್ಲ. ಹಳಿಗಳ ಅಂತರ ಒಂದೇ ಇದ್ದರೂ ಸ್ಲೀಪರ್‌ಗಳು (ಹಳಿಯ ಕೆಳಗಿನ ಅಡ್ಡ ದಿಮ್ಮಿಗಳು) ಒಂದಕ್ಕೊಂದು ಅಂಟಿದಷ್ಟು ಹತ್ತಿರ ಇದ್ದವು. ಸುಮ್ಮನೆ ಅಳೆದು ನೋಡಿದಾಗ ಒಂದು ಉಪಕಾರವಾಯಿತು. ನಮ್ಮ ಮೀಟರ್ ಗೇಜಿನ ಕಟ್ಟಿಗೆಯ ಸ್ಲೀಪರ್ 1830 ಮಿ.ಮೀ. ಉದ್ದದ್ದು, 1:87ರಲ್ಲಿ ಅದು 21 ಮಿ.ಮೀ.; ಆ ತಪ್ಪು ಹಳಿಯ ಸ್ಲೀಪರ್ ಕೂಡ ಹೆಚ್ಚುಕಡಿಮೆ ಅಷ್ಟೇ ಉದ್ದವಿತ್ತು. ಹಾಗಾಗಿ ಹಳಿಯನ್ನು ಬೋರಲು ಹಾಕಿ, ಸ್ಲೀಪರ್‌ಗಳನ್ನು ಜೋಡಿಸಿರುವ ಸಣ್ಣ ಪ್ಲಾಸ್ಟಿಕ್ ಎಳೆಗಳನ್ನು ಬ್ಲೇಡಿನಿಂದ ಒಂದೊಂದಾಗಿ ಕತ್ತರಿಸಿ, ಸ್ಲೀಪರ್‌ಗಳನ್ನು 8 ಮಿ.ಮೀ. ಅಂತರಕ್ಕೆ ಸರಿಸುತ್ತ ಹೋದೆ. ಒಂದು ಮೀಟರ್ ಹಳಿಗೆ ಒಂದು ಸಂಜೆ ಹಿಡಿಯಿತು, ಆದರೆ ಕೆಳಗೆ ಕರಿಮಣ್ಣಿನ ಬಣ್ಣ ಹಚ್ಚಿ ಜಲ್ಲಿ ತುಂಬಿದ ಮೇಲೆ ಅದು ನಮ್ಮ ಕಡೆಯ ಹಳೆಯ ಸೈಡಿಂಗ್ ಎಂದು ಯಾರೂ ಒಪ್ಪುವಂತಾಯಿತು. ಎಚ್‌ಒ ಮತ್ತು ಎನ್ ಹಳಿಗಳಿಗೂ ಇದೇ ಉಪಾಯ ನಡೆಯುತ್ತದೆ. 1:64ರಲ್ಲಿ ಬೇಕಾದದ್ದು 28.6 ಮಿ.ಮೀ., 1:120ರಲ್ಲಿ 15.3 ಮಿ.ಮೀ., ಸಿಗುವ ಸ್ಲೀಪರ್‌ಗಳು ಅದಕ್ಕಿಂತ ಒಂದು ಮಿ.ಮೀ. ಆಚೀಚೆ ಮಾತ್ರ ಉದ್ದ. ಈ ಒಂದು ಕೆಲಸದಿಂದ ಬರುವಷ್ಟು ಮೀಟರ್ ಗೇಜಿನ ಕಳೆ ಬೇರೆ ಯಾವ ಕೆಲಸದಿಂದಲೂ ಬರುವುದಿಲ್ಲವೆಂದು ನನಗೆ ಅನ್ನಿಸಿದೆ.

1:87ರ ಸೋಲು ಎಂಜಿನ್ನಿನ ಅಡಿಗಟ್ಟಿನಲ್ಲಿ, ಅಂದರೆ ಮೋಟಾರು, ಗಾಲಿಗಳಿರುವ ತಳಭಾಗದಲ್ಲಿತ್ತು. 12 ಮಿ.ಮೀ. ಹಳಿಯ ಮೇಲೆ ಓಡುವ ಸಿದ್ಧ ಅಡಿಗಟ್ಟುಗಳು ಹೆಚ್ಚಾಗಿ ಸ್ವಿಟ್ಜರ್ಲೆಂಡಿನ ಬೆಟ್ಟದ ರೈಲುಗಳಿಗೂ ಜಪಾನಿನ ರೈಲುಗಳಿಗೂ ಸೇರಿದವು. ವೈಡಿಎಂ-4ಕ್ಕೆ ಬೇಕಾದ, ಬೋಗಿಗೆ (ಗಾಲಿಗಳನ್ನು ಹಿಡಿದಿರುವ ಚೌಕಟ್ಟಿಗೆ) ಮೂರು ಅಚ್ಚಿನ ಅಡಿಗಟ್ಟು ನನಗೆ ದೊರೆಯದೆ, ಎರಡು ಅಚ್ಚಿನ ಬೋಗಿಗಳನ್ನು ಕೊಯ್ದು ನಡುವೆ ಸುಳ್ಳು ಅಚ್ಚು ಸೇರಿಸಬೇಕಾಯಿತು. ಎಂಜಿನ್ ಓಡಿತು, ಆದರೆ ಹಳಿ ಕವಲೊಡೆಯುವ ಪಾಯಿಂಟುಗಳ ಮೇಲೆ ನಡುವಿನ ಗಾಲಿ ಎದ್ದು ಹಳಿ ತಪ್ಪುತ್ತಿತ್ತು. ಮೂರರಲ್ಲಿ ಅತಿ ಹೆಚ್ಚು ಖರ್ಚಾದದ್ದೂ ಇದಕ್ಕೇ.

ಎರಡನೆಯದಾಗಿ 1:120ಕ್ಕೆ ಹೋದೆ. ನ್ಯೂಜಿಲೆಂಡಿನ ಹವ್ಯಾಸಿಗಳು ತಮ್ಮ 1067 ಮಿ.ಮೀ. ಗೇಜಿಗೆ ಇದೇ ಅಳತೆಯನ್ನೂ ಇದೇ 9 ಮಿ.ಮೀ. ಹಳಿಯನ್ನೂ ಬಹುಕಾಲದಿಂದ ಬಳಸುತ್ತ ಬಂದಿದ್ದಾರೆ, ಆದ್ದರಿಂದ ದಾರಿ ಗೊತ್ತಿದ್ದದ್ದೇ ಆಗಿತ್ತು. ವೈಡಿಎಂ-4 ಮೂಲತಃ ಅಮೆರಿಕದ ಆಲ್ಕೊ ಕಂಪನಿಯ ಎಂಜಿನ್. ಅದೇ ಕಂಪನಿಯ ಆರು ಅಚ್ಚಿನ ಎಂಜಿನ್ನಿನ ಎನ್ ಅಡಿಗಟ್ಟಿನ ಮೇಲೆ ಪ್ಲಾಸ್ಟಿಕ್ ಹಾಳೆಯಿಂದ ಕಟ್ಟಿದ ಮೈ ಸಲೀಸಾಗಿ ಕುಳಿತಿತು. ಇಡೀ ಯಾರ್ಡ್ ಕಿಟಕಿಯ ಪಡಿಯ ಮೇಲೆ ಹಿಡಿಸುವಷ್ಟಾಯಿತು. ತೊಂದರೆ ಶುರುವಾದದ್ದು ಶಂಟಿಂಗ್ ಆರಂಭಿಸಿದ ಮೇಲೆ. ವ್ಯಾಗನ್ನಿನ ತೂಕಕ್ಕೆ ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಎನ್‌ಎಂಆರ್‌ಎ ಸಂಸ್ಥೆಯ ಶಿಫಾರಸೊಂದಿದೆ: ಎನ್ ಅಳತೆಗೆ ಅರ್ಧ ಔನ್ಸ್ ಮತ್ತು ಪ್ರತಿ ಇಂಚಿಗೆ 0.15 ಔನ್ಸ್, ಎಚ್‌ಒ ಅಳತೆಗೆ ಒಂದು ಔನ್ಸ್ ಮತ್ತು ಪ್ರತಿ ಇಂಚಿಗೆ ಅರ್ಧ ಔನ್ಸ್. ಅದರ ಪ್ರಕಾರ ನನ್ನ 51 ಮಿ.ಮೀ. ವ್ಯಾಗನ್ನಿಗೆ 23 ಗ್ರಾಂ ಸಾಕು. ಅಷ್ಟು ಹಗುರವಾದ ವ್ಯಾಗನ್ನಿಗೆ ಎಂಜಿನ್ ಬಂದು ತಾಗಿದರೆ ಕೊಂಡಿ ಬೀಳುವ ಮೊದಲೇ ಅದು ಉರುಳಿ ಸೈಡಿಂಗಿನ ಕೊನೆಗೆ ಹೋಗುತ್ತಿತ್ತು. ಅಚ್ಚಿಗೆ ಸ್ಪಂಜಿನ ಚೂರು ತಾಗಿಸಿ ಸ್ವಲ್ಪ ತಡೆದೆ. ಬೇಸಿಗೆಯಲ್ಲಿ ನಮ್ಮ ಕಡೆ ಕಿಟಕಿ ಮುಚ್ಚಿದ್ದರೂ ಒಳಗೆ ಕೂರುವ ಧೂಳಂತೂ ಈ ಅಳತೆಗೆ ದೊಡ್ಡ ಶತ್ರು. ಸಣ್ಣ ಗಾಲಿಗೆ ಕರೆಂಟ್ ಸಿಗದೆ ಎಂಜಿನ್ ಪಾಯಿಂಟಿನ ಪ್ಲಾಸ್ಟಿಕ್ ಭಾಗದ ಮೇಲೆ ನಿಂತುಬಿಡುತ್ತಿತ್ತು, ಪ್ರತಿ ಸಲ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಹಳಿ ಒರೆಸಿಯೇ ಕೆಲಸ ಶುರುಮಾಡಬೇಕಾಗಿತ್ತು.

ಈ ಹೊತ್ತಿಗೆ ನಮ್ಮ ಓಣಿಯಲ್ಲಿರುವ, ಪಾಯಿಂಟ್ಸ್‌ಮನ್ ಆಗಿ ನಿವೃತ್ತರಾದ ಕಾಕಾ ಒಬ್ಬರು ಮೇಲೆ ಬಂದು ನೋಡಿದರು. ಎಂಜಿನ್ ಓಡಿಸಿ ತೋರಿಸಿದೆ. ಅವರು ಹಲಗೆಯ ಮೇಲೆ ಬಾಗಿ, “ಗಾಡಿ ಓಡೂದು ಇರ್ಲಿ ತಮ್ಮಾ, ನಡುವಿನ ವ್ಯಾಗನ್ ಬಿಡಸೂದು ಹ್ಯಾಂಗ, ಅದನ್ನ ತೋರಸು” ಎಂದರು. ತೋರಿಸಲು ಹೋದಾಗ, ಎನ್ ಅಳತೆಯ ಹಳೆಯ ರಾಪಿಡೊ ಕೊಂಡಿಯನ್ನು ಎತ್ತಿ ಬಿಡಿಸುವ ಪ್ರಯತ್ನದಲ್ಲಿ ಅಕ್ಕಪಕ್ಕದ ಎರಡು ವ್ಯಾಗನ್‌ಗಳೂ ಹಳಿಯಿಂದ ಇಳಿದವು. ಗೂಡ್ಸ್ ಯಾರ್ಡಿನ ಇಡೀ ಕೆಲಸ ಆ ಕೊಂಡಿಯಲ್ಲಿದೆ ಎಂಬುದು ನನಗೆ ಮನದಟ್ಟಾದದ್ದು ಆಗ.

ನಿಜವಾದ ಮೀಟರ್ ಗೇಜ್ ವ್ಯಾಗನ್ನಿನಲ್ಲಿ ಬ್ರಾಡ್ ಗೇಜಿನ ಹಳೆಯ ವ್ಯಾಗನ್‌ಗಳಲ್ಲಿದ್ದಂತೆ ಪಕ್ಕದ ಎರಡು ಬಫರ್‌ಗಳಿಲ್ಲ (ಬಫರ್ ಎಂದರೆ ವ್ಯಾಗನ್‌ಗಳು ತಾಗುವಾಗಿನ ಹೊಡೆತ ತಾಳುವ ಭಾಗ). ನಡುವೆ ಒಂದೇ ಬಫರ್, ಅದರ ಮೇಲೆ ಎದುರಿನ ಬಫರಿಗೆ ಬೀಳುವ ಕೊಕ್ಕೆ. ನಡುವೆ ಒಂದೇ ಇರುವುದರಿಂದ ಮಾದರಿಯಲ್ಲಿ ಅದರ ಜಾಗಕ್ಕೆ ಅಮೆರಿಕದ ಕ್ಯಾಡೀ ಕೊಂಡಿ ಕೂರಿಸುವುದು ಸುಲಭ. ಅದರ ಆಕಾರ ಕೊಕ್ಕೆಯದಲ್ಲ, ಮುಷ್ಟಿಯದು. ಈ ಒಂದು ತಪ್ಪನ್ನು ನಾನು ಒಪ್ಪಿಕೊಂಡಿದ್ದೇನೆ. ಬಿಡಿಸಲು ಆಯಸ್ಕಾಂತದ ವ್ಯವಸ್ಥೆಯೂ ಇದೆ, ಆದರೆ ಅದು ಹಾಕಿದ ಜಾಗದಲ್ಲಷ್ಟೇ ಕೆಲಸ ಮಾಡುತ್ತದೆ. ನಾನು ಬಳಸುವುದು ಊದಿನಕಡ್ಡಿ ಉರಿದ ಮೇಲೆ ಉಳಿಯುವ ಬಿದಿರಿನ ತುಂಡನ್ನು. ಅದರ ತುದಿಯನ್ನು ಸ್ಕ್ರೂಡ್ರೈವರಿನಂತೆ ಚಪ್ಪಟೆಯಾಗಿ ಕೆತ್ತಿ, ಎರಡು ಮುಷ್ಟಿಗಳ ನಡುವೆ ಮೇಲಿನಿಂದ ಇಳಿಸಿ, ಕಾಲು ಸುತ್ತು ತಿರುವಿದರೆ ಕೊಂಡಿ ಸದ್ದಿಲ್ಲದೆ ಬಿಚ್ಚಿಕೊಳ್ಳುತ್ತದೆ. 1:87ರಲ್ಲಿ ಇದು ಹತ್ತಕ್ಕೆ ಏಳು ಸಲ ಸರಿಯಾಗುತ್ತಿತ್ತು. ಎನ್ ಅಳತೆಯ ಚಿಕ್ಕ ಮುಷ್ಟಿ ಕೊಂಡಿಗಳನ್ನೂ ತರಿಸಿ ನೋಡಿದೆ. ನನ್ನ ವಯಸ್ಸಿನ ಕಣ್ಣಿಗೆ ಆ ಸಂದು ಕಾಣುವುದೇ ಕಷ್ಟವಾಯಿತು.

1:64ರಲ್ಲಿ ಮಾತ್ರ ಕಡ್ಡಿ ತಾನಾಗಿ ಜಾಗ ಹುಡುಕಿಕೊಳ್ಳುತ್ತದೆ. ಎಚ್‌ಒ ಅಳತೆಗೆಂದು ತಯಾರಾದ ಕ್ಯಾಡೀ 5 ಈ ದೊಡ್ಡ ವ್ಯಾಗನ್ನಿನ ಮೇಲೆ ಅತಿಯಾಗಿ ಕಾಣದೆ ಒಪ್ಪುತ್ತದೆ. ವ್ಯಾಗನ್ನಿನ ನೆಲದ ಕೆಳಗೆ ಸೀಸದ ಚೂರುಗಳನ್ನು ಅಂಟಿಸಿ ತೂಕವನ್ನು 90 ಗ್ರಾಂಗೆ ತಂದಿದ್ದೇನೆ; ಎಂಜಿನ್ ಮೆತ್ತಗೆ ಬಂದು ತಾಗಿದಾಗ ವ್ಯಾಗನ್ ಕದಲದೆ ನಿಂತು ಕೊಂಡಿ ಹಾಕಿಸಿಕೊಳ್ಳುತ್ತದೆ. ಹಳಿ, ಪಾಯಿಂಟ್, ಮೋಟಾರು, ಗಾಲಿ ಎಲ್ಲವೂ ಸಾಮಾನ್ಯ ಎಚ್‌ಒ ಸಾಮಾನು, ಬಳಸಿದ ಮಾಲು ಅಗ್ಗವಾಗಿಯೂ ದೊರೆಯುತ್ತದೆ. ಕೊರತೆಗಳೂ ಇವೆ. ಎಚ್‌ಒ ಡೀಸೆಲ್ ಅಡಿಗಟ್ಟಿನ ಗಾಲಿಗಳು ಈ ಅಳತೆಗೆ ಎದ್ದು ಕಾಣುವಷ್ಟು ಚಿಕ್ಕವು, ಬೋಗಿಯ ಪಕ್ಕದ ಚೌಕಟ್ಟನ್ನು ಕೆಳಗಿಳಿಸಿ ಮರೆಮಾಡಬೇಕಾಗುತ್ತದೆ. ವ್ಯಾಗನ್‌ಗಳನ್ನಂತೂ ಪೂರ್ತಿ ಕೈಯಿಂದಲೇ ಕಟ್ಟಬೇಕು. ಆದರೆ ಗಾತ್ರ ದೊಡ್ಡದಾದ್ದರಿಂದ ರಟ್ಟು ಮತ್ತು ಪ್ಲಾಸ್ಟಿಕ್ ಹಾಳೆಯ ಮೇಲೆ ಹಿಂದಿನಿಂದ ಸೂಜಿ ಒತ್ತಿ ರಿವೆಟ್ ಎಬ್ಬಿಸುವುದು ಸಾಧ್ಯವಾಗುತ್ತದೆ, ಬಾಗಿಲ ಚಿಲಕವನ್ನು ತಂತಿಯಿಂದ ಬಾಗಿಸಿ ಮಾಡಬಹುದು. ಎಂಟು ವ್ಯಾಗನ್ ಮುಗಿಸಲು ನನಗೆ ಏಳು ತಿಂಗಳು ಬೇಕಾದವು.

ಕಾಗದದ ಕೆಲಸದಲ್ಲೂ ಎರಡು ಪದ್ಧತಿಗಳನ್ನು ನೋಡಿದೆ. ಅಮೆರಿಕದ ಹವ್ಯಾಸಿಗಳು ಪ್ರತಿ ವ್ಯಾಗನ್ನಿಗೊಂದು ಜೇಬುಳ್ಳ ಕಾರ್ಡ್ ಮಾಡಿ, ಅದರೊಳಗೆ ನಾಲ್ಕು ಊರುಗಳ ವಿವರವಿರುವ ವೇ-ಬಿಲ್ (ಮಾಲಿನ ಚೀಟಿ) ಇಟ್ಟು, ಪ್ರತಿ ಸರದಿಯ ನಂತರ ತಿರುಗಿಸುತ್ತಾರೆ. ಹಲವು ನಿಲ್ದಾಣಗಳ ದೊಡ್ಡ ಮಾದರಿಗೆ ಅದು ಒಳ್ಳೆಯದು; ಒಂದೇ ಯಾರ್ಡಿನಲ್ಲಿ ಕೈಯಲ್ಲಿ ಕಾರ್ಡುಗಳ ಕಟ್ಟು ಹಿಡಿದು ಕಡ್ಡಿಯನ್ನೂ ತಿರುವುವುದು ತ್ರಾಸದ ಕೆಲಸ. ನಾನೀಗ ಬರೆಯುವುದು ಒಂದು ಪುಟದ ಶಂಟಿಂಗ್ ಪಟ್ಟಿ: ವ್ಯಾಗನ್ ನಂಬರ್, ಯಾವ ಸೈಡಿಂಗ್, ಏನು ಮಾಲು, ಎಲ್ಲಿಗೆ. ಹತ್ತಿ ಹೊಟಗಿಗೆ, ಶೇಂಗಾ ಹುಬ್ಬಳ್ಳಿಗೆ, ಖಾಲಿ ಟ್ಯಾಂಕ್ ವ್ಯಾಗನ್ ಕೊನೆಯಲ್ಲಿ, ಅದರ ಹಿಂದೆ ಬ್ರೇಕ್‌ವ್ಯಾನ್. ಈ ಪದ್ಧತಿ ನಡೆಯಬೇಕಾದರೆ ವ್ಯಾಗನ್ನಿನ ಮೇಲಿನ ನಂಬರ್ ನಿಂತಲ್ಲಿಂದ ಓದಲು ಬರಬೇಕು. 1:64ರಲ್ಲಿ ಬರುತ್ತದೆ. 1:120ರಲ್ಲಿ ನಾನು ಬರೆದ, ದಕ್ಷಿಣ ಮಧ್ಯ ರೈಲ್ವೆಯ ಗುರುತಾದ ‘ಎಸ್‌ಸಿ’ ಅಕ್ಷರಗಳೇ ಭೂತಗನ್ನಡಿಯಿಲ್ಲದೆ ಕಾಣುತ್ತಿರಲಿಲ್ಲ, ಇನ್ನು ನಂಬರಿನ ಮಾತು ದೂರ. ಹೋದ ತಿಂಗಳು ಕಾಕಾ ಮತ್ತೆ ಬಂದಾಗ ಪಟ್ಟಿಯನ್ನು ಅವರೇ ಹಿಡಿದರು, ನಂಬರ್ ಕೂಗಿದರು, ನಾನು ಎಂಜಿನ್ ನಡೆಸಿದೆ. ನಡುವಿನ ವ್ಯಾಗನ್ನನ್ನು ಅವರೇ ಕಡ್ಡಿ ಹಾಕಿ ಬಿಡಿಸಿದರು.

ಆದ್ದರಿಂದ ಶಂಟಿಂಗಿಗಾಗಿ ಕಟ್ಟುವವರಿಗೆ, ಗೋಡೆಯ ಪಕ್ಕ 6 ಅಡಿ ಜಾಗವಿದ್ದರೆ, 1:64 ಅಳತೆಯನ್ನೇ ಹೇಳುತ್ತೇನೆ. ಲೇತ್ ಕೆಲಸ ಬಲ್ಲವರು, ನಿಖರತೆಗಾಗಿ ಹಣವನ್ನೂ ತಾಳ್ಮೆಯನ್ನೂ ವೆಚ್ಚ ಮಾಡಬಲ್ಲವರು 1:87ಕ್ಕೆ ಹೋಗಲಿ. 9 ಮಿ.ಮೀ. ಹಳಿಗಳನ್ನು ನಾನು ಮಾರಿಲ್ಲ. ಹೊಸಪೇಟೆಯ ಅದಿರು ಗದಗ, ಹುಬ್ಬಳ್ಳಿ, ಲೋಂಡಾ ದಾಟಿ ಮುರಗಾಂವ್ ಬಂದರಿಗೆ ಇಳಿಯುತ್ತಿದ್ದ ಕ್ಯಾಸಲ್‌ರಾಕ್ ಘಟ್ಟದಲ್ಲಿ ಇಳಿಜಾರು 37ಕ್ಕೆ 1. ಅಂದರೆ 10 ಅಡಿ ಹಲಗೆಯಲ್ಲಿ 82 ಮಿ.ಮೀ. ಏರು. ಅಲ್ಲಿ ವ್ಯಾಗನ್ ಬಿಡಿಸುವ ಕೆಲಸವಿಲ್ಲ, ಬೇಕಾದದ್ದು ಉದ್ದದ ಗಾಡಿ ಮತ್ತು ಹಿಂದಿನಿಂದ ತಳ್ಳುವ ಎಂಜಿನ್. ಆ ಮಾದರಿಗೆ 1:120 ಬಿಟ್ಟರೆ ನನ್ನ ಖೋಲಿಯಲ್ಲಿ ಬೇರೆ ಯಾವ ಅಳತೆಯೂ ಹಿಡಿಸುವುದಿಲ್ಲವಾದ್ದರಿಂದ, ಮಳೆಗಾಲ ಮುಗಿದ ಮೇಲೆ ಬಡಿಗೇರರಿಗೆ ಹಲಗೆ ಹೇಳುವವನಿದ್ದೇನೆ.